ಮೂರೇ ದಿನ ಇದ್ದರೆ ಹಂಪಿಯನ್ನು ಬಿಡಿ, ಮಲಪ್ರಭೆಯ ದಡದಲ್ಲಿ ಉಳಿಯಿರಿ

ಪ್ರಶ್ನೆ: ನಾವು ಮೈಸೂರಿನವರು. ದಸರಾ ರಜೆಯಲ್ಲಿ ಮೂರು ದಿನ ಬಿಡುವು ಮಾಡಿಕೊಂಡು ಹಂಪಿ, ಬಾದಾಮಿ, ಪಟ್ಟದಕಲ್ಲು, ಐಹೊಳೆ ನೋಡಿ ಬರಬೇಕೆಂದಿದ್ದೇವೆ. ಹಂಪಿಗೆ ಎರಡು ದಿನ ಇಟ್ಟುಕೊಂಡು ಉಳಿದ ಮೂರನ್ನೂ ಒಂದೇ ದಿನದಲ್ಲಿ ಮುಗಿಸಬಹುದು ಎಂದು ಟ್ರಾವೆಲ್ಸ್‌ನವರು ಹೇಳುತ್ತಾರೆ. ಜೊತೆಯಲ್ಲಿ ಎಪ್ಪತ್ತು ದಾಟಿದ ಅಮ್ಮ ಇರುತ್ತಾರೆ, ಅವರಿಗೆ ಮಂಡಿನೋವು. ಎಂಟು ಮತ್ತು ಹನ್ನೆರಡು ವರ್ಷದ ಇಬ್ಬರು ಮಕ್ಕಳಿದ್ದಾರೆ. ಯಾವ ಕ್ರಮದಲ್ಲಿ ನೋಡಿದರೆ ಒಳ್ಳೆಯದು?

ಉತ್ತರ: ಮುಗಿಸಬಹುದು ಎನ್ನುವುದು ಸುಳ್ಳಲ್ಲ. ಬಾದಾಮಿಯಿಂದ ಪಟ್ಟದಕಲ್ಲು ಸುಮಾರು 22 ಕಿಲೋಮೀಟರ್, ಅಲ್ಲಿಂದ ಐಹೊಳೆ ಇನ್ನು ಹದಿಮೂರು ಹದಿನಾಲ್ಕು. ಬೆಳಗ್ಗೆ ಹೊರಟ ಕಾರು ಸಂಜೆಯೊಳಗೆ ಮೂರೂ ಕಡೆ ನಿಂತು ಬರುತ್ತದೆ. ಆದರೆ ಹಾಗೆ ಹೋಗಿ ಬಂದವರನ್ನು ಒಂದು ತಿಂಗಳು ಬಿಟ್ಟು ಕೇಳಿ ನೋಡಿ, ಯಾವ ಗುಡಿ ಯಾವ ಊರಲ್ಲಿತ್ತು ಎಂಬುದೇ ನೆನಪಿರುವುದಿಲ್ಲ. ಎಲ್ಲವೂ ಕೆಂಪು ಕಲ್ಲು, ಎಲ್ಲೆಲ್ಲೂ ಬಿಸಿಲು. ಹಾಗಾಗಿ ನನ್ನ ಸಲಹೆ ನೇರವಾದದ್ದು: ಈ ಸಲ ಹಂಪಿಯನ್ನು ಪೂರ್ತಿ ಬಿಟ್ಟುಬಿಡಿ. ಹಂಪಿಯಿಂದ ಬಾದಾಮಿಗೆ ರಸ್ತೆಯಲ್ಲಿ ಮೂರು ಗಂಟೆಗೂ ಹೆಚ್ಚು ಹಿಡಿಯುತ್ತದೆ, ಮಂಡಿನೋವಿನ ಅಮ್ಮನಿಗೆ ಆ ಪ್ರಯಾಣವೇ ಒಂದು ಶಿಕ್ಷೆ. ಕಾಲದ ದೂರ ಅದಕ್ಕಿಂತ ದೊಡ್ಡದು. ಬಾದಾಮಿ ಚಾಲುಕ್ಯರಿಗೂ ವಿಜಯನಗರಕ್ಕೂ ನಡುವೆ ಸುಮಾರು ಆರುನೂರು ವರ್ಷಗಳಿವೆ. ಎರಡನ್ನೂ ಒಂದೇ ಉಸಿರಿನಲ್ಲಿ ತೋರಿಸಿದರೆ ಮಕ್ಕಳ ತಲೆಯಲ್ಲಿ ಎರಡೂ ಕಲಸಿಹೋಗುತ್ತವೆ.

ಮೂರು ದಿನವೂ ಬಾದಾಮಿಯಲ್ಲೇ ತಂಗಿ. ಮೈಸೂರಿನಿಂದ ಹೊರಡುವ ಗೋಲ್‌ಗುಂಬಜ್ ಎಕ್ಸ್‌ಪ್ರೆಸ್ ಹುಬ್ಬಳ್ಳಿ, ಗದಗ ದಾಟಿ ಬಾದಾಮಿಗೆ ನೇರವಾಗಿ ಬರುತ್ತದೆ, ಅಮ್ಮ ರಾತ್ರಿ ಮಲಗಿಕೊಂಡೇ ಬರಬಹುದು. ನಿಲ್ದಾಣದಿಂದ ಊರು ಐದು ಕಿಲೋಮೀಟರ್ ದೂರ, ಆಟೊ, ಟಂಟಂ ಸಿಗುತ್ತವೆ. ಎರಡು ಮತ್ತು ಮೂರನೇ ದಿನಕ್ಕೆ ಊರಲ್ಲೇ ಒಂದು ಕಾರು ಗೊತ್ತುಮಾಡಿಕೊಂಡರೆ ಸಾಕು. ಒಂದು ಎಚ್ಚರಿಕೆ: ಬಾದಾಮಿಯ ಮತ್ತು ಐಹೊಳೆಯ ಪುರಾತತ್ವ ವಸ್ತುಸಂಗ್ರಹಾಲಯಗಳಿಗೆ ಶುಕ್ರವಾರ ರಜೆ. ಎರಡೂ ನಿಮಗೆ ಮುಖ್ಯ, ಏಕೆಂದು ಮುಂದೆ ಹೇಳುತ್ತೇನೆ. ದಿನ ಗೊತ್ತುಮಾಡುವಾಗ ಇದನ್ನು ಮೊದಲು ನೋಡಿಕೊಳ್ಳಿ.

ಮೊದಲ ದಿನ ಬಾದಾಮಿ ಬಿಟ್ಟು ಎಲ್ಲಿಗೂ ಹೋಗಬೇಡಿ. ಇದು ಸುಮಾರು ಇನ್ನೂರು ವರ್ಷ ಒಂದು ಸಾಮ್ರಾಜ್ಯದ ರಾಜಧಾನಿಯಾಗಿದ್ದ ಊರು. 543ರಲ್ಲಿ ಒಂದನೇ ಪುಲಕೇಶಿ ಇಲ್ಲಿನ ಗುಡ್ಡಕ್ಕೆ ಕೋಟೆ ಕಟ್ಟಿಸಿದ ಸಂಗತಿ ಬಂಡೆಯ ಮೇಲಿನ ಶಾಸನದಲ್ಲಿದೆ. ಊರಿನ ಮುಂದೆ ನಿಂತರೆ ಅವನು ಈ ಜಾಗವನ್ನೇ ಏಕೆ ಆರಿಸಿಕೊಂಡ ಎಂಬುದು ಯಾರೂ ಹೇಳದೆ ತಿಳಿಯುತ್ತದೆ. ಎರಡು ಕಡೆ ಕಡಿದಾದ ಮರಳುಗಲ್ಲಿನ ಗುಡ್ಡ, ನಡುವೆ ನೀರು. ಗುಡ್ಡದ ಮೇಲೆ ಬಿದ್ದ ಮಳೆಯೆಲ್ಲ ಇಳಿದು ಅಗಸ್ತ್ಯತೀರ್ಥ ಎಂಬ ಕೆರೆಯಲ್ಲಿ ನಿಲ್ಲುತ್ತದೆ. ಮಳೆ ಕಡಿಮೆಯಿರುವ ಈ ಸೀಮೆಯಲ್ಲಿ ಕಾವಲೂ ನೀರೂ ಒಂದೇ ಕಡೆ ಸಿಗುವ ಜಾಗ ಬೇರೆ ಎಷ್ಟಿದ್ದೀತು? ಮಕ್ಕಳಿಗೆ ಗುಹೆಗಿಂತ ಮೊದಲು ಇದನ್ನು ತೋರಿಸಿ.

ಗುಹೆಗಳಿಗೆ ಬೆಳಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಹೋಗಿ. ಛಾಯಾಚಿತ್ರ ತೆಗೆಯುವವರು ಸಂಜೆಯ ಬೆಳಕಿಗೆ ಕಾಯುತ್ತಾರೆ, ಅವರು ಹೇಳುವುದು ಅವರ ಮಟ್ಟಿಗೆ ಸರಿ. ಆದರೆ ನಿಮ್ಮ ಜೊತೆ ಅಮ್ಮ ಇದ್ದಾರೆ. ಬೆಳಗ್ಗೆ ಮೆಟ್ಟಿಲುಗಳು ನೆರಳಲ್ಲಿರುತ್ತವೆ, ಕಲ್ಲು ತಂಪಾಗಿರುತ್ತದೆ, ಶಾಲಾ ಪ್ರವಾಸದ ಬಸ್ಸುಗಳು ಬಂದಿರುವುದಿಲ್ಲ. ಮೊದಲ ಗುಹೆ ನೆಲದಿಂದ ಸುಮಾರು 18 ಮೀಟರ್ ಎತ್ತರದಲ್ಲಿದೆ. ಅಮ್ಮ ನಿಧಾನವಾಗಿ ಅಷ್ಟು ಹತ್ತಿದರೆ ಬಾಗಿಲ ಪಕ್ಕದಲ್ಲೇ ಹದಿನೆಂಟು ಕೈಗಳ ನಟರಾಜ ಸಿಗುತ್ತಾನೆ. ಅವರಿಗೆ ಮುಂದೆ ಹತ್ತಲು ಆಗದಿದ್ದರೂ ಬಂದದ್ದು ವ್ಯರ್ಥವಾಗುವುದಿಲ್ಲ. ಆ ಕೈಗಳನ್ನು ಒಂದೊಂದಾಗಿ ಎಣಿಸಲು ಮಕ್ಕಳಿಗೆ ಹೇಳಿ. ಎಣಿಸುವಾಗ ಯಾವ ಕೈ ಯಾವ ಭಂಗಿಯಲ್ಲಿದೆ ಎಂದು ನೋಡಲೇಬೇಕಾಗುತ್ತದೆ, ನೋಡುವುದನ್ನು ಕಲಿಸಲು ಇದಕ್ಕಿಂತ ಸುಲಭದ ಉಪಾಯ ನನಗೆ ಕಂಡಿಲ್ಲ. ಒಳಗೆ ಅರ್ಧನಾರೀಶ್ವರನ ಪಕ್ಕ ಎಲುಬಿನ ಹಂದರವಾಗಿ ನಿಂತ ಭೃಂಗಿಯನ್ನೂ ಚಾವಣಿಯಲ್ಲಿ ಸುತ್ತಿಕೊಂಡ ನಾಗರಾಜನನ್ನೂ ಅವರೇ ಹುಡುಕಲಿ.

ಎರಡನೆಯದು ವಿಷ್ಣುವಿನ ಗುಹೆ, ತ್ರಿವಿಕ್ರಮ ಮತ್ತು ವರಾಹ ಇಲ್ಲಿನ ಮುಖ್ಯ ಮೂರ್ತಿಗಳು. ಚಾವಣಿಯಲ್ಲಿ ಮೀನುಗಳನ್ನೇ ಅರೆಗಳಾಗಿ ಜೋಡಿಸಿದ ಒಂದು ಚಕ್ರವಿದೆ, ಕತ್ತೆತ್ತಿ ನೋಡದವರಿಗೆ ಅದು ತಪ್ಪಿಹೋಗುತ್ತದೆ. ಇಲ್ಲಿ ಹೆಚ್ಚು ಹೊತ್ತು ನಿಲ್ಲದೆ ಮೂರನೆಯದಕ್ಕೆ ಸಮಯ ಉಳಿಸಿಕೊಳ್ಳಿ. ನಾಲ್ಕರಲ್ಲಿ ದೊಡ್ಡದು ಅದೇ, ನನ್ನ ಲೆಕ್ಕದಲ್ಲಿ ಇಡೀ ಕಣಿವೆಯಲ್ಲಿ ಒಂದೇ ಒಂದು ಜಾಗ ನೋಡುವುದಾದರೆ ಅದನ್ನೇ ನೋಡಬೇಕು. ಅನಂತನ ಸುರುಳಿಯ ಮೇಲೆ ಕುಳಿತ ವಿಷ್ಣು, ಗದೆಯ ಮೇಲೆ ಕೈಯೂರಿ ನಿಂತ ನರಸಿಂಹ, ಕಾಲೆತ್ತಿದ ತ್ರಿವಿಕ್ರಮ, ಹರಿಹರ, ಇವರೆಲ್ಲ ಆಳೆತ್ತರಕ್ಕಿಂತ ದೊಡ್ಡವರು. ಕಂಬದ ಮೇಲಿನ ಬೋದಿಗೆಗಳಲ್ಲಿ, ಅಂದರೆ ತೊಲೆಗೆ ಆಸರೆಯಾದ ಚಾಚುಗಲ್ಲುಗಳಲ್ಲಿ, ಮರದ ಕೆಳಗೆ ನಿಂತ ಗಂಡುಹೆಣ್ಣಿನ ಜೋಡಿಗಳಿವೆ. ಚಾವಣಿಯ ಅಂಚಿನಲ್ಲಿ ಬಣ್ಣದ ಚಿತ್ರಗಳ ಗುರುತು ಮಸುಕಾಗಿ ಉಳಿದಿದೆ. ಈ ಗುಹೆಗೆ ನಿಖರವಾದ ಕಾಲವೂ ಇದೆ. ಶಕ 500ರ, ಅಂದರೆ 578ರ ಕಾರ್ತಿಕ ಹುಣ್ಣಿಮೆಯಂದು ಮಂಗಲೇಶ ಇಲ್ಲಿ ವಿಷ್ಣುವನ್ನು ಪ್ರತಿಷ್ಠೆ ಮಾಡಿಸಿದ, ಆಗ ಅವನ ಅಣ್ಣ ಒಂದನೇ ಕೀರ್ತಿವರ್ಮ ರಾಜನಾಗಿದ್ದ ಎಂದು ಶಾಸನ ಹೇಳುತ್ತದೆ. ಪಕ್ಕದಲ್ಲೇ ಅದೇ ಮಂಗಲೇಶನ ಚಿಕ್ಕದೊಂದು ಕನ್ನಡ ಶಾಸನವೂ ಇದೆ. ಲಂಜಿಗೇಸರ ಎಂಬ ಊರನ್ನು ಈ ‘ಕಲ್ಮನೆ’ಗೆ ಬಿಟ್ಟ ದಾನದ ದಾಖಲೆ ಅದು. ಸುಮಾರು ಹದಿನಾಲ್ಕೂವರೆ ಶತಮಾನದ ಹಿಂದಿನ ಕನ್ನಡ ಅಕ್ಷರದ ಮುಂದೆ ನಿಮ್ಮ ಹನ್ನೆರಡು ವರ್ಷದ ಮಗು ನಿಂತಿರುತ್ತದೆ. ಅವಸರ ಮಾಡಬೇಡಿ. ನಾಲ್ಕನೆಯದು ಜೈನ ಗುಹೆ, ಚಿಕ್ಕದು, ಉಳಿದವಕ್ಕಿಂತ ಸ್ವಲ್ಪ ಈಚಿನದು. ಪಾರ್ಶ್ವನಾಥ, ಬಾಹುಬಲಿಯರನ್ನು ನೋಡಿ ಅಲ್ಲಿಂದ ಕೆರೆಯ ಕಡೆ ತಿರುಗಿದರೆ ಮೆಟ್ಟಿಲು ಹತ್ತಿದ ಆಯಾಸ ಇಳಿಯುತ್ತದೆ.

ಕೋತಿಗಳ ವಿಷಯ ಹೇಳಲೇಬೇಕು. ಕೈಯಲ್ಲಿ ಬಿಸ್ಕತ್ತಿನ ಪೊಟ್ಟಣ, ಪ್ಲಾಸ್ಟಿಕ್ ಚೀಲ ಕಂಡರೆ ಅವು ಬಿಡುವುದಿಲ್ಲ. ತಿಂಡಿಯನ್ನು ಕೋಣೆಯಲ್ಲೇ ಬಿಟ್ಟು ಬನ್ನಿ.

ಮಧ್ಯಾಹ್ನ ಊಟವಾದ ಮೇಲೆ ಮಲಗಿ ಏಳಿ. ನಾಲ್ಕು ಗಂಟೆಯ ಸುಮಾರಿಗೆ ಕೆರೆಯ ಇನ್ನೊಂದು ದಡದ ವಸ್ತುಸಂಗ್ರಹಾಲಯಕ್ಕೆ ಹೋಗಿ. ಹತ್ತಿರದ ನಾಗನಾಥಕೊಳ್ಳದಿಂದ ತಂದ, ಫಲವಂತಿಕೆಯ ದೇವತೆ ಲಜ್ಜಾಗೌರಿಯ ಮೂರ್ತಿ ಇಲ್ಲಿದೆ, ಅದರ ಮುಂದೆ ಹತ್ತು ನಿಮಿಷ ನಿಲ್ಲಬೇಕು. ಬಾದಾಮಿಯ ಹಿಂದಿನ ಗುಡ್ಡಗಾಡಿನಲ್ಲಿ ಶಿಡ್ಲಫಡಿ ಎಂಬ ಕಲ್ಲಾಸರೆಯಿದೆ, ಆದಿಮಾನವರು ಬರೆದ ಚಿತ್ರಗಳು ಅಲ್ಲಿವೆ. ಅಲ್ಲಿಗೆ ಕಲ್ಲುಮುಳ್ಳಿನ ದಾರಿಯಲ್ಲಿ ನಡೆದೇ ಹೋಗಬೇಕು, ಅಮ್ಮನಿಗೆ ಸಾಧ್ಯವಿಲ್ಲ. ಅದರ ಮಾದರಿಯನ್ನು ಈ ಸಂಗ್ರಹಾಲಯದೊಳಗೇ ಕಟ್ಟಿದ್ದಾರೆ, ಅವರು ಅದನ್ನಾದರೂ ನೋಡಲಿ. ಮಕ್ಕಳ ಕಾಲಿಗೆ ಇನ್ನೂ ಶಕ್ತಿಯಿದ್ದರೆ ನಿಮ್ಮಲ್ಲೊಬ್ಬರು ಅವರನ್ನು ಕರೆದುಕೊಂಡು ಸಂಗ್ರಹಾಲಯದ ಪಕ್ಕದ ಕಲ್ಲಿನ ಸಂದಿಯಲ್ಲಿ ಉತ್ತರದ ಕೋಟೆ ಹತ್ತಿ ಬರಬಹುದು. ಕೆಳಗಿನ ಶಿವಾಲಯ, ಮೇಲಿನ ಶಿವಾಲಯ, ಕಣಜಗಳು ಆ ದಾರಿಯಲ್ಲಿ ಸಿಗುತ್ತವೆ. ಆ ಸಂದಿಯೇ ಮಕ್ಕಳಿಗೆ ಗುಡಿಗಳಿಗಿಂತ ಹೆಚ್ಚು ಹಿಡಿಸುತ್ತದೆ.

ಸಂಜೆ ಎಲ್ಲರೂ ಸೇರಿ ಕೆರೆಯ ದಡದ ದಾರಿಯಲ್ಲಿ ಭೂತನಾಥ ಗುಡಿಗೆ ನಡೆಯಿರಿ. ದಾರಿ ಸಮತಟ್ಟಾಗಿದೆ. ಗುಡಿ ಪಶ್ಚಿಮಕ್ಕೆ ಮುಖ ಮಾಡಿ ನೀರಿನ ಅಂಚಿನಲ್ಲೇ ನಿಂತಿರುವುದರಿಂದ ಇಳಿಬಿಸಿಲು ನೇರವಾಗಿ ಅದರ ಮೇಲೆ ಬೀಳುತ್ತದೆ. ಮಳೆ ಚೆನ್ನಾಗಿ ಬಿದ್ದ ವರ್ಷವಾದರೆ ಗುಡ್ಡದ ಮೇಲಿಂದ ಧುಮುಕುವ ಅಕ್ಕ–ತಂಗಿ ಜಲಪಾತವೂ ಕಾಣಬಹುದು. ತಟ್ಟುಕೋಟಿಯ ಕಡೆ ಬಂಡೆಯೊಂದರ ಮೇಲೆ ಕಪ್ಪೆ ಅರಭಟ್ಟನ ಶಾಸನವಿದೆ, ಸುಮಾರು ಕ್ರಿ.ಶ. 700ರದ್ದು. ನಮಗೆ ಸಿಕ್ಕಿರುವ ಅತ್ಯಂತ ಹಳೆಯ ತ್ರಿಪದಿಗಳು ಇದರಲ್ಲಿವೆ. ‘ಸಾಧುಗೆ ಸಾಧು, ಮಾಧುರ್ಯಂಗೆ ಮಾಧುರ್ಯಂ’ ಎಂಬ ಸಾಲನ್ನು ಶಾಲೆಯಲ್ಲಿ ಓದಿದವರು ಅದು ಕೆತ್ತಿದ ಬಂಡೆಯನ್ನೂ ಒಮ್ಮೆ ನೋಡಬೇಕಲ್ಲವೇ?

ಎರಡನೇ ದಿನ ಪಟ್ಟದಕಲ್ಲು. ಇಲ್ಲಿಗೂ ಬೆಳಗ್ಗೆಯೇ ಹೋಗಬೇಕು, ಆದರೆ ಕಾರಣ ಬೇರೆ. ವಿರೂಪಾಕ್ಷ ಗುಡಿ ಪೂರ್ವಕ್ಕೆ, ಮಲಪ್ರಭಾ ನದಿಯ ಕಡೆಗೆ ಮುಖ ಮಾಡಿದೆ. ಬೆಳಗಿನ ಬಿಸಿಲು ಬಾಗಿಲಿನಿಂದ ಓರೆಯಾಗಿ ಒಳಗೆ ಬಂದಾಗ ಕಂಬಗಳ ಮೇಲಿನ ರಾಮಾಯಣ, ಮಹಾಭಾರತದ ಕಥೆಗಳು ಕಣ್ಣಿಗೆ ಬೀಳುತ್ತವೆ. ಮಧ್ಯಾಹ್ನ ಹೋದವರಿಗೆ ಒಳಗೆ ಬರೀ ಕತ್ತಲೆ.

ಈ ಗುಡಿಯ ಹಿಂದೆ ಒಂದು ದೊಡ್ಡ ಕಥೆಯಿದೆ, ಅದನ್ನು ಮಕ್ಕಳಿಗೆ ಕಾರಿನಲ್ಲೇ ಹೇಳಿಬಿಡಿ. ಹರ್ಷವರ್ಧನನನ್ನು ತಡೆದ ಇಮ್ಮಡಿ ಪುಲಕೇಶಿಯ ಬಾದಾಮಿಯನ್ನು 642ರಲ್ಲಿ ಪಲ್ಲವ ನರಸಿಂಹವರ್ಮ ಗೆದ್ದುಕೊಂಡ. ಗೆದ್ದ ಗುರುತಿಗೆ ಬಾದಾಮಿಯ ಬಂಡೆಯ ಮೇಲೆ ಅವನ ಶಾಸನ ಇಂದಿಗೂ ಇದೆ. ಮುಂದೆ ಸುಮಾರು ನೂರು ವರ್ಷಕ್ಕೆ ಇಮ್ಮಡಿ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದ. ಸೇಡು ತೀರಿಸಿಕೊಳ್ಳಲು ಅವನಿಗೆ ಎಲ್ಲ ಅವಕಾಶವೂ ಇತ್ತು. ಅವನು ಊರನ್ನು ಹಾಳುಮಾಡಲಿಲ್ಲ. ಅಲ್ಲಿನ ರಾಜಸಿಂಹೇಶ್ವರ ಗುಡಿಯ, ಅಂದರೆ ಈಗಿನ ಕೈಲಾಸನಾಥನ, ಸಂಪತ್ತನ್ನು ದೇವರಿಗೇ ಹಿಂದಿರುಗಿಸಿ ಅದನ್ನು ಕನ್ನಡದಲ್ಲಿ ಅಲ್ಲಿನ ಕಂಬದ ಮೇಲೆ ಕೆತ್ತಿಸಿದ. ಆ ಗೆಲುವಿನ ನೆನಪಿಗೆ ರಾಣಿ ಲೋಕಮಹಾದೇವಿ ಪಟ್ಟದಕಲ್ಲಿನಲ್ಲಿ ವಿರೂಪಾಕ್ಷವನ್ನು ಕಟ್ಟಿಸಿದಳು, ಅವಳ ತಂಗಿ ಹಾಗೂ ಅದೇ ರಾಜನ ಇನ್ನೊಬ್ಬ ರಾಣಿ ತ್ರೈಲೋಕ್ಯಮಹಾದೇವಿ ಪಕ್ಕದಲ್ಲೇ ಮಲ್ಲಿಕಾರ್ಜುನವನ್ನು ಕಟ್ಟಿಸಿದಳು. ಕಟ್ಟಿದ ಸೂತ್ರಧಾರಿಯ, ಅಂದರೆ ಮುಖ್ಯ ಶಿಲ್ಪಿಯ, ಹೆಸರೂ ಗೊತ್ತು, ಗುಂಡ ಅನಿವಾರಿತಾಚಾರಿ. ಅವನಿಗೆ ಸಿಕ್ಕ ಬಿರುದನ್ನು ಗುಡಿಯ ಪೂರ್ವದ್ವಾರದ ಶಾಸನದಲ್ಲಿ ಬರೆದಿದ್ದಾರೆ. ಅನೇಕ ಶಿಲ್ಪಿಗಳು ತಾವು ಕೆತ್ತಿದ ಮೂರ್ತಿಯ ಬಳಿ ತಮ್ಮ ಹೆಸರನ್ನೂ ಬಿಟ್ಟುಹೋಗಿದ್ದಾರೆ. ರಾಜನ ಹೆಸರಿಗಿಂತ ನನಗೆ ಆ ಹೆಸರುಗಳ ಮೇಲೆ ಮಮತೆ ಹೆಚ್ಚು.

ಹೊರಗೆ ನಿಂತು ಶಿಖರಗಳನ್ನು ಹೋಲಿಸಿ ನೋಡಿ. ಗಳಗನಾಥ, ಜಂಬುಲಿಂಗ, ಕಾಶಿವಿಶ್ವನಾಥ ಗುಡಿಗಳದು ಉತ್ತರದ ನಾಗರ ಶೈಲಿಯ ಬಾಗಿದ ಶಿಖರ. ವಿಜಯಾದಿತ್ಯನ ಸಂಗಮೇಶ್ವರ, ವಿರೂಪಾಕ್ಷ, ಮಲ್ಲಿಕಾರ್ಜುನಗಳದು ಅಂತಸ್ತು ಅಂತಸ್ತಾಗಿ ಏರುವ ದ್ರಾವಿಡ ವಿಮಾನ. ಕೆಲವೇ ಹೆಜ್ಜೆಗಳ ಅಂತರದಲ್ಲಿ ಎರಡನ್ನೂ ಹೀಗೆ ಕಾಣಬಹುದಾದ್ದರಿಂದಲೇ 1987ರಲ್ಲಿ ಯುನೆಸ್ಕೋ ಇದನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಸ್ವಲ್ಪ ದೂರದ ಪಾಪನಾಥಕ್ಕೆ ಹೆಚ್ಚಿನವರು ಹೋಗುವುದೇ ಇಲ್ಲ. ನೀವು ಹೋಗಿ. ಅದರ ಹೊರಗೋಡೆಯ ರಾಮಾಯಣದ ಪಾತ್ರಗಳಿಗೆ ಹಳಗನ್ನಡ ಲಿಪಿಯಲ್ಲಿ ಹೆಸರು ಬರೆದಿದ್ದಾರೆ. ಪಟ್ಟದಕಲ್ಲಿನ ಆವರಣ ಹೆಚ್ಚುಕಡಿಮೆ ಸಮತಟ್ಟು, ಹುಲ್ಲುಹಾಸು, ಕಾಲುದಾರಿ ಇವೆ. ಮೂರು ಊರುಗಳಲ್ಲಿ ಅಮ್ಮನಿಗೆ ಅತ್ಯಂತ ಹಿತವಾದದ್ದು ಇದೇ. ವಿರೂಪಾಕ್ಷನಿಗೆ ಇಂದಿಗೂ ಪೂಜೆಯಿದೆ, ಅವರು ಅಲ್ಲೇ ಕೈಮುಗಿದು ಕೂರಬಹುದು.

ಹಿಂದಿರುಗುವಾಗ ಮಹಾಕೂಟಕ್ಕೆ ತಿರುಗಿ. ಬಿಸಿಲು ನೆತ್ತಿಗೇರಿದ ಹೊತ್ತಿನಲ್ಲಿ ಅಲ್ಲಿ ಮರದ ನೆರಳು, ಬುಗ್ಗೆಯ ನೀರು. ವಿಷ್ಣು ಪುಷ್ಕರಿಣಿ ಎಂಬ ಕೊಳದಲ್ಲಿ ಜನ ಇಳಿದು ಮೀಯುತ್ತಾರೆ, ಮಕ್ಕಳಿಗೆ ಒಂದು ಜೊತೆ ಬಟ್ಟೆ ಹೆಚ್ಚು ತನ್ನಿ. ಕೊಳದ ನಡುವಿನ ಪುಟ್ಟ ಮಂಟಪದಲ್ಲಿ ನಾಲ್ಕು ಮುಖದ ಲಿಂಗವಿದೆ. ಇಲ್ಲಿದ್ದ ಮಂಗಲೇಶನ ಕಾಲದ ಶಾಸನಸ್ತಂಭ ಈಗ ವಿಜಯಪುರದ ವಸ್ತುಸಂಗ್ರಹಾಲಯದಲ್ಲಿದೆ, ಹುಡುಕಿ ಸಮಯ ಕಳೆಯಬೇಡಿ. ಅಮ್ಮನಿಗೆ ಆಸಕ್ತಿಯಿದ್ದರೆ ಮಲಪ್ರಭೆಯ ದಡದ ಶಿವಯೋಗಮಂದಿರವೂ ಇದೇ ಕಡೆಗಿದೆ. ಹಾನಗಲ್ ಕುಮಾರ ಶಿವಯೋಗಿಗಳು 1909ರಲ್ಲಿ ಸ್ಥಾಪಿಸಿದ ಮಠವಿದು.

ಊಟಕ್ಕೆ ಸ್ವಲ್ಪ ತಡವಾದರೂ ಬಾದಾಮಿ ದಾಟಿ ಬನಶಂಕರಿಗೇ ಹೋಗಿ, ಊರಿನಿಂದ ಐದು ಕಿಲೋಮೀಟರ್. ಗುಡಿಯ ಮುಂದೆ ಹಳ್ಳಿಯ ಹೆಣ್ಣುಮಕ್ಕಳು ಬುಟ್ಟಿಯಲ್ಲಿ ಊಟ ಹೊತ್ತು ತಂದು ಕೂತಿರುತ್ತಾರೆ. ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಕಾಳಿನ ಪಲ್ಯ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಕೆಂಪು ಖಾರ, ಪುಟ್ಟ ಗಡಿಗೆಯಲ್ಲಿ ಹೆಪ್ಪು ಹಾಕಿದ ಗಟ್ಟಿ ಮೊಸರು. ಮರದ ಕೆಳಗೆ ಕೂತು ತಿನ್ನಬೇಕು. ಮೈಸೂರಿನ ಮಕ್ಕಳ ನಾಲಿಗೆಗೆ ಖಾರ ಹೆಚ್ಚಾದೀತು, ಮೊಸರು ಇನ್ನೊಂದು ಗಡಿಗೆ ಕೊಳ್ಳಿ. ನಿಮ್ಮ ಹೋಟೆಲಿನ ಬಫೆ ಎಷ್ಟೇ ದೊಡ್ಡದಿರಲಿ, ಈ ಊಟವನ್ನು ತಪ್ಪಿಸಬೇಡಿ. ಪುಷ್ಯ ಮಾಸದ ಬನದ ಹುಣ್ಣಿಮೆಗೆ ಇಲ್ಲಿ ನಡೆಯುವ ಜಾತ್ರೆ ವಾರಗಟ್ಟಲೆ ಇರುತ್ತದೆ, ವೃತ್ತಿ ನಾಟಕ ಕಂಪನಿಗಳು ಸಾಲಾಗಿ ಡೇರೆ ಹಾಕುತ್ತವೆ. ಅದು ದಸರಾ ರಜೆಗೆ ಸಿಗುವುದಿಲ್ಲ. ಆ ಹುಣ್ಣಿಮೆಗೆಂದೇ ಇನ್ನೊಮ್ಮೆ ಬಂದರೂ ಸರಿಯೇ.

ಮೂರನೇ ದಿನ ಐಹೊಳೆ. ಇದನ್ನು ಕೊನೆಗೆ ಇಟ್ಟದ್ದಕ್ಕೆ ಕೆಲವರು ಆಕ್ಷೇಪಿಸಬಹುದು. ‘ಐಹೊಳೆ ಗುಡಿ ಕಟ್ಟುವುದನ್ನು ಕಲಿತ ಶಾಲೆ, ಪಟ್ಟದಕಲ್ಲು ಪರೀಕ್ಷೆ ಪಾಸಾದ ಜಾಗ, ಆದ್ದರಿಂದ ಐಹೊಳೆಯೇ ಮೊದಲು’ ಎಂಬ ಮಾತನ್ನು ನೀವೂ ಕೇಳುತ್ತೀರಿ. ಕೇಳಲು ಚೆನ್ನಾಗಿದೆ, ಆದರೆ ಅಷ್ಟು ಸರಳವಲ್ಲ. ಲಾಡಖಾನ್ ಗುಡಿ 5ನೇ ಶತಮಾನದ್ದೆಂದು ಹಳೆಯ ಪುಸ್ತಕಗಳು ಹೇಳುತ್ತಿದ್ದವು. ಈಗಿನ ವಿದ್ವಾಂಸರಲ್ಲಿ ಹಲವರು ಅದನ್ನು 7ನೇ ಶತಮಾನದ ಕೊನೆ ಅಥವಾ 8ನೇ ಶತಮಾನಕ್ಕೆ ತರುತ್ತಾರೆ. ದುರ್ಗಗುಡಿಯೂ 8ನೇ ಶತಮಾನದ್ದೇ, ಅಂದರೆ ಬಾದಾಮಿಯ ಗುಹೆಗಳು ಐಹೊಳೆಯ ಎಷ್ಟೋ ಗುಡಿಗಳಿಗಿಂತ ಹಿರಿಯವು. ಐಹೊಳೆಯಲ್ಲಿ ನೂರಕ್ಕೂ ಹೆಚ್ಚು ಗುಡಿಗಳಿವೆ, ಚಾಲುಕ್ಯರ ನಂತರವೂ ಶತಮಾನಗಟ್ಟಲೆ ಕಟ್ಟುತ್ತಲೇ ಹೋದರು. ದಕ್ಷಿಣ ಭಾರತದುದ್ದಕ್ಕೂ ವ್ಯಾಪಾರ ಮಾಡುತ್ತಿದ್ದ ‘ಅಯ್ಯಾವೊಳೆ ಐನೂರ್ವರು’ ಎಂಬ ವರ್ತಕರ ಸಂಘದ ಹೆಸರು ಈ ಊರಿನದೇ. ಇದು ಬರೀ ಕಲಿಕೆಯ ಶಾಲೆಯಲ್ಲ, ದುಡ್ಡೂ ಓಡಾಟವೂ ಇದ್ದ ಪಟ್ಟಣ. ಮನೆಗಳ ನಡುವೆ, ಹೊಲದ ಬದುವಿನಲ್ಲಿ, ಹಿತ್ತಲಲ್ಲಿ ಎಲ್ಲೆಂದರಲ್ಲಿ ಗುಡಿ ಇರುವುದರಿಂದ, ಮೊದಲೆರಡು ದಿನದಲ್ಲಿ ಕಣ್ಣು ಪಳಗಿದ ಮೇಲೆ ಬಂದರೆ ಇಲ್ಲಿ ಹೆಚ್ಚು ಕಾಣುತ್ತದೆ.

ಎಲ್ಲವನ್ನೂ ನೋಡುವ ಆಸೆ ಬಿಡಿ. ದುರ್ಗಗುಡಿಯ ಆವರಣದಿಂದ ಶುರುಮಾಡಿ. ಹಿಂಭಾಗ ಅರ್ಧವೃತ್ತಾಕಾರವಾಗಿರುವ, ಸುತ್ತ ಕಂಬಗಳ ಮೊಗಸಾಲೆಯಿರುವ ಗುಡಿ ಇದು. ಹೆಸರು ಕೇಳಿ ದೇವಿಯ ಗುಡಿ ಎಂದುಕೊಳ್ಳಬೇಡಿ, ಪಕ್ಕದಲ್ಲಿದ್ದ ಕೋಟೆಯಿಂದ ಬಂದ ಹೆಸರದು. ಮೂಲದಲ್ಲಿ ಸೂರ್ಯನ ಗುಡಿಯಾಗಿತ್ತೆಂದು ಸಂಶೋಧಕರು ಹೇಳುತ್ತಾರೆ. ಮೊಗಸಾಲೆಯಲ್ಲಿ ನಿಧಾನವಾಗಿ ಒಂದು ಪ್ರದಕ್ಷಿಣೆ ಹಾಕಿದರೆ ಮಹಿಷಮರ್ದಿನಿ, ವರಾಹ, ನರಸಿಂಹ ಒಬ್ಬೊಬ್ಬರಾಗಿ ಎದುರಾಗುತ್ತಾರೆ. ಲಾಡಖಾನ್ ಗುಡಿಯ ಚಾವಣಿಯನ್ನು ಹೊರಗಿನಿಂದ ಗಮನಿಸಿ. ಹಾಸುಗಲ್ಲುಗಳ ಸಂದಿನ ಮೇಲೆ ಉದ್ದುದ್ದ ಕಲ್ಲಿನ ಪಟ್ಟಿ ಇಟ್ಟಿದ್ದಾರೆ, ಮರದ ಮನೆಯಲ್ಲಿ ಮಾಡುವ ಕೆಲಸವನ್ನೇ ಕಲ್ಲಿನಲ್ಲಿ ಮಾಡಿದ ಹಾಗಿದೆ. ಆವರಣದಲ್ಲೇ ವಸ್ತುಸಂಗ್ರಹಾಲಯವಿದೆ, ಇಡೀ ಊರಿನ ಮಾದರಿಯೂ ಅಲ್ಲಿದೆ. ಅಲ್ಲಿಂದ ಸ್ವಲ್ಪ ದೂರದ ರಾವಣಫಡಿ ಗುಹೆಗೆ ಅಮ್ಮನನ್ನೂ ಕರೆದುಕೊಂಡು ಹೋಗಬಹುದು, ಮೆಟ್ಟಿಲು ಕೆಲವೇ. ಸಪ್ತಮಾತೃಕೆಯರ ನಡುವೆ ಕುಣಿಯುವ ಶಿವನನ್ನು ಮೊದಲ ದಿನ ಕಂಡ ನಟರಾಜನ ಜೊತೆ ಹೋಲಿಸಿ ನೋಡುವ ಕೆಲಸವನ್ನು ಮಕ್ಕಳಿಗೆ ಬಿಡಿ.

ಮೇಗುತಿ ಗುಡ್ಡ ಅಮ್ಮನಿಗೆ ಬೇಡ. ಆದರೆ ನೀವು ದೊಡ್ಡ ಮಗುವನ್ನು ಕರೆದುಕೊಂಡು ಹತ್ತಲೇಬೇಕು. ಮೇಲಿನ ಜೈನ ಗುಡಿಯ ಗೋಡೆಯಲ್ಲಿ ರವಿಕೀರ್ತಿ ಬರೆದ 634ರ ಶಾಸನವಿದೆ. ಇಮ್ಮಡಿ ಪುಲಕೇಶಿ ಹರ್ಷನನ್ನು ಸೋಲಿಸಿದ್ದು ಇದರಲ್ಲಿದೆ. ರವಿಕೀರ್ತಿ ತನ್ನನ್ನು ಕಾಳಿದಾಸ, ಭಾರವಿಗಳಿಗೆ ಸಮನೆಂದು ಹೇಳಿಕೊಳ್ಳುತ್ತಾನೆ, ಆ ಇಬ್ಬರು ಕವಿಗಳ ಕಾಲವನ್ನು ಗೊತ್ತುಪಡಿಸಲು ವಿದ್ವಾಂಸರಿಗೆ ಅದೇ ದೊಡ್ಡ ಆಧಾರವಾಯಿತು. ಪಠ್ಯಪುಸ್ತಕದಲ್ಲಿ ಒಂದು ಸಾಲಾಗಿ ಓದಿದ್ದನ್ನು ಕಲ್ಲಿನ ಮೇಲೆ ಕಾಣುವ ಅವಕಾಶ ದಿನವೂ ಸಿಗುವುದಿಲ್ಲ.

ಮಧ್ಯಾಹ್ನದ ಹೊತ್ತಿಗೆ ಹತ್ತಿರದ ಅಮೀನಗಡಕ್ಕೆ ಹೋಗಿ ಕರದಂಟು ಕೊಳ್ಳಿ, ಅಂಟು, ಬೆಲ್ಲ, ಒಣಹಣ್ಣು ಹಾಕಿ ಮಾಡುವ ಸಿಹಿ ಅದು. ಬಾದಾಮಿಗೆ ಹಿಂದಿರುಗುವಾಗ ಗುಳೇದಗುಡ್ಡದ ಮೇಲೆ ಬಂದರೆ ಅಮ್ಮ ಖಣ ಆರಿಸಿಕೊಳ್ಳಬಹುದು. ಇಳಕಲ್ ಸೀರೆಗೆ ಜೊತೆಯಾಗಿ ಉಡುವ ಕುಪ್ಪಸದ ಬಟ್ಟೆ ಅದು, ಊರಲ್ಲಿ ನೇಕಾರರ ಮನೆಗಳಿವೆ. ಗುಡಿಗಳನ್ನು ನೋಡಿ ದಣಿದ ಮಕ್ಕಳಿಗೂ ಮಗ್ಗದ ಸದ್ದು ಬೇರೆಯದೇ ಉತ್ಸಾಹ ತರುತ್ತದೆ.

ಕೊನೆಗೆ ಹವೆಯ ಬಗ್ಗೆ. ನೀವು ಆರಿಸಿಕೊಂಡ ಕಾಲ ಒಳ್ಳೆಯದು. ಅಕ್ಟೋಬರಿನಲ್ಲಿ ಕೆರೆಯಲ್ಲಿ ನೀರಿರುತ್ತದೆ, ಗುಡ್ಡ ಇನ್ನೂ ಹಸಿರಾಗಿರುತ್ತದೆ. ನವೆಂಬರಿನಿಂದ ಜನವರಿಯವರೆಗೆ ಶಾಲಾ ಪ್ರವಾಸಗಳ ನೂಕುನುಗ್ಗಲು, ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ಮುಟ್ಟುತ್ತದೆ. ಮಳೆಗಾಲದ ನಡುವೆ ಬರುವವರು ಮಾತ್ರ ನದಿಯ ಸುದ್ದಿ ಕೇಳಿಕೊಂಡು ಹೊರಡಬೇಕು. ಸವದತ್ತಿಯ ಹತ್ತಿರದ ನವಿಲುತೀರ್ಥ ಅಣೆಕಟ್ಟಿನಿಂದ ನೀರು ಬಿಟ್ಟರೆ ಮಲಪ್ರಭೆ ಉಕ್ಕುತ್ತದೆ. 2019ರ ಆಗಸ್ಟಿನಲ್ಲಿ ಪಟ್ಟದಕಲ್ಲಿನ ಗುಡಿಗಳ ಆವರಣಕ್ಕೇ ಪ್ರವಾಹದ ನೀರು ನುಗ್ಗಿತ್ತು.

ರಜೆ ಇನ್ನೊಂದು ದಿನ ಬೆಳೆದರೆ ಆಗಲೂ ಹಂಪಿಯ ಕಡೆ ಓಡಬೇಡಿ. ಐಹೊಳೆಯಿಂದ ಮುಂದೆ, ಮಲಪ್ರಭೆ ಕೃಷ್ಣೆಯನ್ನು ಸೇರುವ ಕೂಡಲಸಂಗಮಕ್ಕೆ ಹೋಗಿ, ಬಸವಣ್ಣನವರ ಐಕ್ಯಸ್ಥಳ ನೋಡಿ ಬನ್ನಿ. ಮೂರು ದಿನ ನೀವು ಜೊತೆಗೂಡಿ ನಡೆದ ನದಿ ಅಲ್ಲಿಗೇ ಹೋಗುತ್ತದೆ. ಹಂಪಿಗೆ ಬೇರೆಯೇ ಮೂರು ದಿನ ಇಟ್ಟುಕೊಳ್ಳಿ, ಚಳಿಗಾಲದಲ್ಲಿ.